ಗುಡಿಸು ಕೊಡದ ಹನ್ನೊಂದು ಸರಿ

ನೀರು ಸರಬರಾಜು ಕಚೇರಿಯ ಗೇಟಿನ ಎಡಗಡೆ ಗೋಡೆಗೆ ಒಂದು ಕಪ್ಪು ಹಲಗೆ ಬಡಿದಿದ್ದಾರೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಮಳೆ ಬೀಳದಂತೆ ಮೇಲೊಂದು ತಗಡು. ದಿನಾ ಬೆಳಿಗ್ಗೆ ಏಳರೊಳಗೆ ಅದರ ಮೇಲೆ ಐದು ಸಾಲು ಬರೆಯುವ ಹೆಂಗಸಿಗೆ ಊರು ಇಟ್ಟ ಹೆಸರು ಬೋರ್ಡಮ್ಮ. ಅವಳ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಅಲ್ಲಿಯೂ ತಪ್ಪಾಗಿದೆ.

ಐದು ಸಾಲು ಎಂದರೆ ಬಣ್ಣ, ವಾಸನೆ, ಕ್ಲೋರಿನ್, ಕ್ರಿಮಿ, ಕೊನೆಗೆ ‘ಕುಡಿಯಲು’. ಲ್ಯಾಬಿನವನು ಆರೂವರೆಗೆ ಚೀಟಿ ಕೊಡುತ್ತಾನೆ. ಬೋರ್ಡಮ್ಮ ಮೊದಲು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ಅದು ಆರುವ ತನಕ ಕಾದು, ಆಮೇಲೆ ಒಂದೊಂದೇ ಅಕ್ಷರ ಇಳಿಸುತ್ತಾಳೆ. ನಾಲ್ಕು ಸಾಲು ದಿನಕ್ಕೊಂದಿಷ್ಟು ಬದಲಾಗಬಹುದು. ಐದನೆಯದು ಬದಲಾಗುವುದು ಅಪರೂಪ. ‘ಕುಡಿಯಲು: ಸರಿ.’ ಹದಿನಾಲ್ಕು ವರ್ಷದಿಂದ ಅವಳು ಈ ಎರಡಕ್ಷರವನ್ನು ಬರೆಯುತ್ತಿದ್ದಾಳೆ. ಸ ಬರೆದು, ರ ಬರೆದು, ರ ತಲೆಯ ಮೇಲೆ ದುಂಡಗೆ ಗುಡಿಸು ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾಳೆ. ಗುಡಿಸು ಇದೆ ಎಂದು ಖಾತ್ರಿಯಾದ ಮೇಲೆಯೇ ಕೈಯ ಸೀಮೆಸುಣ್ಣದ ಪುಡಿ ಝಾಡಿಸುವುದು.

ಅವಳು ಶಾಲೆಗೆ ಹೋದವಳಲ್ಲ. ಅಕ್ಷರ ಕಲಿಸಿದವನು ಗಂಡ. ಅವನು ಇದೇ ಕಚೇರಿಯಲ್ಲಿ ವಾಲ್ವ್‌ಮನ್. ಬೀದಿಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ಕಲ್ಲುಹಾಸಿನ ಮೇಲೆ ಲೋಟದ ನೀರಿನಲ್ಲಿ ಬೆರಳದ್ದಿ ಬರೆಯುತ್ತಿದ್ದ. ಅವನು ಬರೆದದ್ದು ಆರುವುದರೊಳಗೆ ಅವಳು ಪಕ್ಕದಲ್ಲಿ ಹಾಗೆಯೇ ಬರೆಯಬೇಕು. ಬೇಸಿಗೆಯಲ್ಲಿ ಅಕ್ಷರ ಬೇಗ ಮಾಯವಾಗುತ್ತಿದ್ದದ್ದರಿಂದ ಅವಳು ಬೇಗ ಕಲಿತಳು. ತಪ್ಪುತ್ತಿದ್ದದ್ದು ಒಂದೇ, ಗುಡಿಸು.

“ಇಡೀ ಮನೆ ಗುಡಿಸ್ತೀಯ, ಒಂದು ಅಕ್ಷರಕ್ಕೆ ಗುಡಿಸು ಕೊಡೋಕೆ ಆಗಲ್ವಾ ನಿನಗೆ?” ಎಂದು ಅವನು ನಗುತ್ತಿದ್ದ. “ಗುಡಿಸು ಬಿಟ್ಟರೆ ‘ಸರಿ’ ಹೋಗಿ ‘ಸರ’ ಆಗುತ್ತೆ, ನೋಡು. ಓಹೋ, ಈಗ ಗೊತ್ತಾಯ್ತು. ಬೇಕೂಂತಲೇ ಬಿಡ್ತಿದ್ದೀಯ. ಸರ ಮಾಡಿಸಿಕೊಡಿ ಅಂತ ಕೇಳೋಕೆ ಇದೊಂದು ದಾರಿ ಹುಡುಕಿದ್ದೀಯ!”

“ರೀ, ನೀವು ಮಾಡಿಸಿಕೊಡೋ ಸರ ಕಲ್ಲಿನ ಮೇಲೆ ಆರಿಹೋಗುತ್ತೆ. ಅದಕ್ಕೆ ಕುತ್ತಿಗೆ ಬೇಕಾಗಿಲ್ಲ,” ಎಂದು ಅವಳೂ ಬಿಡುತ್ತಿರಲಿಲ್ಲ.

ಅವನು ಪಂಪ್‌ಹೌಸಿನಲ್ಲಿ ಎದೆನೋವು ಬಂದು ಕುಳಿತಲ್ಲೇ ಹೋದ ಮೇಲೆ ಕಚೇರಿಯವರು ಅವಳಿಗೆ ಕಸ ಗುಡಿಸುವ ಕೆಲಸ ಕೊಟ್ಟರು. ಅದಾಗಿ ನಾಲ್ಕು ವರ್ಷಕ್ಕೆ ಬಂದ ಒಬ್ಬ ಸಾಹೇಬರು, ನಾವು ಕೊಡುವ ನೀರು ಹೇಗಿದೆ ಎಂದು ಜನರಿಗೆ ದಿನಾ ಹೇಳಬೇಕು ಎಂದು ಹಲಗೆ ಹಾಕಿಸಿದರು. ಯಾವ ಗುಮಾಸ್ತನೂ ಸೀಮೆಸುಣ್ಣ ಮುಟ್ಟಲು ತಯಾರಿರಲಿಲ್ಲ. ಸಾಹೇಬರು ಪೊರಕೆ ಹಿಡಿದು ನಿಂತಿದ್ದವಳನ್ನು ಕೇಳಿದರು, “ಏನಮ್ಮ, ಬರೆಯೋಕೆ ಬರುತ್ತಾ?”

“ನಿಧಾನಕ್ಕೆ ಬರುತ್ತೆ ಸಾರ್.”

“ನಿಧಾನವೇ ಆಗಲಿ. ಓದೋರೂ ನಿಧಾನಕ್ಕೇ ಓದೋದು.”

ಹಲಗೆಯಿಂದ ಊರಿಗೆ ಆದದ್ದನ್ನು ಬೋರ್ಡಮ್ಮ ಹತ್ತಿರದಿಂದ ಕಂಡಿದ್ದಾಳೆ. ಮೂರನೆಯ ವರ್ಷ ಒಂದು ಬೆಳಿಗ್ಗೆ ಚೀಟಿಯಲ್ಲಿ ‘ಕ್ರಿಮಿ: ಇದೆ’ ಎಂದಿತ್ತು. ಹಾಗೆಯೇ ಬರೆದಳು. ಒಂಬತ್ತು ಗಂಟೆಯೊಳಗೆ ಕೆಳಬೀದಿಯವರೆಲ್ಲ ಕೊಡ ಹಿಡಿದು ಮೇಲ್ಬೀದಿಯ ನಲ್ಲಿಗೆ ಮುಗಿಬಿದ್ದರು. ತಳ್ಳಾಟದಲ್ಲಿ ಒಬ್ಬ ಮುದುಕಿ ಬಿದ್ದು ಸೊಂಟ ಮುರಿಯಿತು. ಆಮೇಲೆ ಅವಳು ಎದ್ದು ನಡೆಯಲಿಲ್ಲ. ಮರುದಿನ ಲ್ಯಾಬಿನವನು ಮುಖ ಸಣ್ಣದು ಮಾಡಿಕೊಂಡು ಬಂದು, ನೀರು ಚೆನ್ನಾಗಿಯೇ ಇತ್ತು, ಮಾದರಿ ಹಿಡಿದ ಸೀಸೆ ತೊಳೆದಿರಲಿಲ್ಲ ಎಂದ. ಏಳನೆಯ ವರ್ಷ ಮತ್ತೆ ‘ಇದೆ’ ಎಂದು ಬರೆದಾಗ ನಿಜವಾಗಿಯೂ ಇತ್ತು. ಜನ ಬೈದುಕೊಂಡೇ ನೀರು ಕುದಿಸಿದರು. ಆಚೆ ಊರಿನಲ್ಲಿ ಇಪ್ಪತ್ತು ಜನ ಆಸ್ಪತ್ರೆ ಸೇರಿದರೆ ಇಲ್ಲಿ ಒಬ್ಬರೂ ಸೇರಲಿಲ್ಲ. ಇನ್ನೊಂದು ಮಾತನ್ನು ಅವಳು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಾಳೆ. ಕ್ರಿಮಿಯ ಪರೀಕ್ಷೆಗೆ ಒಂದು ದಿನ ಹಿಡಿಯುತ್ತದೆ. ಹಾಗಾಗಿ ಹಲಗೆ ಹೇಳುವುದು ನಿನ್ನೆಯ ನೀರಿನ ಸುದ್ದಿ. ಜನ ಓದಿಕೊಂಡು ಹೋಗಿ ಕುಡಿಯುವುದು ಇವತ್ತಿನದನ್ನು.

ಇಷ್ಟೆಲ್ಲ ಬರೆದು ತಿಳಿಸುವವಳ ಮನೆಯಲ್ಲಿ ನೀರು ಕುದಿಸುವಾಗ ಪಾತ್ರೆಗೆ ಮುಚ್ಚಳ ಮುಚ್ಚುವುದಿಲ್ಲ. ಮುಚ್ಚಲೇಬೇಕಾದರೆ ನಡುವೆ ಒಂದು ಬಟ್ಟೆ ಇಡುತ್ತಾಳೆ. ಹಬೆಗೆ ಮುಚ್ಚಳ ಎದ್ದೆದ್ದು ಬೀಳುವ ಟಕಟಕ ಸದ್ದು ಅವಳಿಗೆ ಆಗದು. ಬಟ್ಟೆ ಇಟ್ಟರೂ ಕೆಲವು ದಿನ ಕೇಳಿಸುತ್ತದೆ. ಒಲೆ ಆರಿರುವಾಗಲೂ ಕೇಳಿಸುತ್ತದೆ.

ಆ ಸದ್ದು ಶುರುವಾದದ್ದು ಇಪ್ಪತ್ತೆಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ. ಮೊಣಕಾಲ ತನಕ ಕೆಸರು. ಮಗಳಿಗೆ ಆಗ ಎರಡು ವರ್ಷ. ಲೋಟ ಹಿಡಿದು ನೀರು ಕುಡಿಯುತ್ತಿದ್ದಳು. ಅವನು ಆ ಲೋಟವನ್ನು ಕಿತ್ತುಕೊಂಡು ಹೊರಗೆ ಚೆಲ್ಲಿದ.

“ಇವತ್ತಿಂದ ಕುದಿಸು. ಕುಡಿಯೋ ನೀರು, ಬಾಯಿ ಮುಕ್ಕಳಿಸೋ ನೀರು, ಎಲ್ಲ. ಕುಣಿಕುಣಿದು ಕುದೀಬೇಕು.”

“ಯಾಕ್ರೀ? ಏನಾಯ್ತು?”

ಕೆಳಬೀದಿಯ ಕೊಳವೆ ಚರಂಡಿಯ ಪಕ್ಕದಲ್ಲೇ ಬಿರುಕು ಬಿಟ್ಟಿತ್ತು. ನೀರು ಬಿಟ್ಟಾಗ ಬಿರುಕಿನಿಂದ ಹೊರಗೆ ಚಿಮ್ಮುತ್ತಿತ್ತು. ನಿಲ್ಲಿಸಿದ ಮೇಲೆ ಅದೇ ಬಿರುಕು ಚರಂಡಿಯದನ್ನು ಒಳಗೆ ಹೀರುತ್ತಿತ್ತು. ಅವನು ಆಗಿನ ಸಾಹೇಬನಿಗೆ ಹೇಳಿದ್ದ. ಆ ಸಾಹೇಬ, ಜೋಡಿಸುವ ತುಂಡು ಬರೋಕೆ ಹತ್ತು ದಿನ ಬೇಕು, ಈಗ ಬಾಯಿ ಬಿಟ್ಟರೆ ಜನ ಮೇಲ್ಬೀದಿಗೆ ನುಗ್ಗಿ ತುಳಿದಾಟದಲ್ಲಿ ಸಾಯುತ್ತಾರೆ, ನೀರು ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ, ಪುಸ್ತಕದಲ್ಲಿ ಸರಿ ಎಂದು ಬರೆದು ಸುಮ್ಮನಿರು ಎಂದಿದ್ದ.

“ಕುದಿಸಿದ್ದು ಯಾರಿಗೂ ಗೊತ್ತಾಗಬಾರದು,” ಎಂದ ಗಂಡ. ಅವಳ ಕಣ್ಣು ನೋಡದೆ ಹೇಳಿದ.

ಅವರ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ಗೋಡೆ. ಆಚೆ ಇದ್ದವಳು ಟೈಲರ್ ಅಕ್ಕ. ಬಟ್ಟೆ ಹೊಲಿದು ಮಗಳನ್ನು ಸಾಕುತ್ತಿದ್ದ ಒಂಟಿ ಹೆಂಗಸು. ಓದು ಬರಹ ಬಾರದು. ಅಳತೆಗಳನ್ನು ನೂಲಿಗೆ ಗಂಟು ಹಾಕಿ ನೆನಪಿಡುತ್ತಿದ್ದಳು. ಅವಳ ಮಗಳಿಗೂ ಎರಡೇ ವರ್ಷ. ಸದಾ ಚಿಲಿಪಿಲಿ ಎನ್ನುತ್ತಿದ್ದದ್ದಕ್ಕೆ ಇಡೀ ಬೀದಿ ಅವಳನ್ನು ಗುಬ್ಬಿ ಎನ್ನುತ್ತಿತ್ತು. ಗುಬ್ಬಿ ಗೋಡೆ ಹತ್ತಿ ಈಚೆ ಇಳಿದು ಊಟ ಮಾಡುವುದೂ ಉಂಟು, ಈಚೆಯವಳು ಆಚೆ ಹೋಗಿ ಮಲಗುವುದೂ ಉಂಟು.

ಮೂರನೆಯ ದಿನ ಟೈಲರ್ ಅಕ್ಕ ಗೋಡೆಯ ಮೇಲೆ ಮೊಣಕೈ ಊರಿ ಕೇಳಿದಳು, “ಏನೇ ತಂಗಿ, ಮೂರು ದಿನದಿಂದ ನಿಮ್ಮನೆ ಕಿಟಕಿ ತುಂಬ ಹಬೆ! ಮುಚ್ಚಳ ಬೇರೆ ಟಕಟಕ ಅಂತ ನನ್ನ ಮಿಷನ್ನಿಗೇ ಪೈಪೋಟಿ ಕೊಡ್ತಿದೆ. ಏನು ಬೇಯಿಸ್ತೀಯ ಅಷ್ಟೊಂದು?”

ಅವಳು ಹೇಳಿದಳು, “ಮಗೂಗೆ ಶೀತ ಅಕ್ಕ. ಬಿಸಿನೀರು ಕಾಯಿಸ್ತಿದ್ದೀನಿ.”

“ಅಯ್ಯೋ, ಹೌದಾ? ಹಾಗಾದ್ರೆ ಗುಬ್ಬೀನ ಶೀತ ಹೋಗೋ ತನಕ ಆ ಕಡೆ ಕಳಿಸಲ್ಲ. ಅವಳಿಗೂ ಅಂಟೀತು.”

ಹೀಗೆ, ಈಚೆ ಇದ್ದಿದ್ದರೆ ಕುದಿಸಿದ ನೀರು ಕುಡಿಯುತ್ತಿದ್ದ ಮಗು ಆಚೆಯೇ ಉಳಿಯಿತು. ಎಂಟನೆಯ ದಿನ ಗುಬ್ಬಿಗೆ ವಾಂತಿ ಭೇದಿ ಶುರುವಾಯಿತು. ಹತ್ತನೆಯ ದಿನ ಬೆಳಿಗ್ಗೆ ಹೋದಳು. ಆ ಬೀದಿಯಲ್ಲಿ ಹಾಗೆ ಹೋದ ಮಕ್ಕಳು ನಾಲ್ಕು. ಸೆಕೆಗೆ ಹೀಗಾಗುತ್ತದೆ ಎಂದರು ಎಲ್ಲರೂ. ಹನ್ನೆರಡನೆಯ ದಿನ ತುಂಡು ಬಂತು, ಕೊಳವೆ ಸರಿಯಾಯಿತು.

ಗಂಡ ಅದರ ಬಗ್ಗೆ ಮುಂದೆ ಒಂದು ಮಾತೂ ಆಡಲಿಲ್ಲ. ಕುಡಿಯುವ ಮುಂಚೆ ಪ್ರತಿ ಲೋಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ, ಅಷ್ಟೆ. ಅಕ್ಷರ ಕಲಿಸುವುದನ್ನೂ ಬಿಟ್ಟ.

ಟೈಲರ್ ಅಕ್ಕ ಊರು ಬಿಡಲಿಲ್ಲ, ಮನೆ ಬಿಡಲಿಲ್ಲ, ಗೋಡೆಯನ್ನೂ ಎತ್ತರಿಸಲಿಲ್ಲ. ಮುಂದಿನ ವರ್ಷ ಅದೇ ತಿಂಗಳಲ್ಲಿ ಬೋರ್ಡಮ್ಮನ ಮಗಳನ್ನು ಕರೆದು ಅಳತೆ ತೆಗೆದು ಒಂದು ಅಂಗಿ ಹೊಲಿದುಕೊಟ್ಟಳು. “ಗುಬ್ಬೀಗೂ ಈಗ ಇಷ್ಟೇ ಆಗ್ತಿತ್ತು,” ಎಂದಳು. ಅದರ ಮುಂದಿನ ವರ್ಷ ಮತ್ತೊಂದು. ಹೀಗೆ ವರ್ಷಕ್ಕೊಂದು ಬಟ್ಟೆ, ಇಪ್ಪತ್ತೇಳು ಸಲ. ಮಗಳು ಈಗ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾಳೆ. ಒಮ್ಮೆ ಅವಳು ತಾಯಿಗೆ ಹೇಳಿದ್ದಳು, “ಅಮ್ಮ, ದೊಡ್ಡಮ್ಮ ಅಳತೆ ತಗೊಳ್ಳುವಾಗ ಆ ಟೇಪು ನನ್ನ ಸುತ್ತ ಇದೆ ಅಂತ ಅನ್ಸಲ್ಲ. ನನ್ನ ಪಕ್ಕದಲ್ಲಿ ಯಾರೋ ನಿಂತಿದ್ದಾರೆ, ಅವರಿಗೆ ಸುತ್ತುತ್ತಿದ್ದಾರೆ ಅನ್ಸುತ್ತೆ.” ಬೋರ್ಡಮ್ಮ ಆ ಬಟ್ಟೆಗಳನ್ನು ಮಡಿಸುವಾಗ ಮೇಲಿನದನ್ನು ಮಾತ್ರ ಮುಟ್ಟುತ್ತಾಳೆ. ಕೆಳಗಿನವು ಹಾಗೆಯೇ ಇವೆ.

ಈ ವರ್ಷ ಕಚೇರಿಗೆ ಹೊಸ ಎಂಜಿನಿಯರ್ ಮೇಡಂ ಬಂದರು. ಚಿಕ್ಕ ವಯಸ್ಸು, ದೊಡ್ಡ ಹೆಜ್ಜೆ. ಬಂದ ತಿಂಗಳೊಳಗೆ, ಕಚೇರಿಯ ಹಳೆಯ ಪುಸ್ತಕಗಳನ್ನೆಲ್ಲ ಒಂದು ಶನಿವಾರ ಮೇಜಿನ ಮೇಲೆ ಇಡೋಣ, ಊರಿನವರು ಯಾರು ಬೇಕಾದರೂ ಬಂದು ನೋಡಲಿ ಎಂದರು. ಹೆಡ್ ಕ್ಲರ್ಕ್‌ಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಅವರು ತಲೆ ಕೆರೆದುಕೊಂಡರು.

“ಮೇಡಂ, ಮುಚ್ಚಿದ ಪುಸ್ತಕ ನೋಡಿದರೆ ಜನ ಒಂದು ಅನುಮಾನ ಪಡ್ತಾರೆ. ತೆರೆದಿಟ್ಟರೆ ಪುಟಕ್ಕೊಂದು ಪಡ್ತಾರೆ.”

“ಪಡಲಿ ಬಿಡಿ. ನಾವು ಉತ್ತರ ಹೇಳೋಣ.”

“ಉತ್ತರ ಹೇಳಬೇಕಾದೋರೆಲ್ಲ ಗೋಡೆ ಮೇಲಿನ ಫೋಟೋದಲ್ಲಿದ್ದಾರೆ ಮೇಡಂ.”

ಮೇಡಂ ನಕ್ಕರು, ಆದರೆ ನಿಲ್ಲಲಿಲ್ಲ. ನಲವತ್ತೊಂದು ಪುಸ್ತಕದ ಧೂಳು ಹೊಡೆಯುವ ಕೆಲಸ ಬೋರ್ಡಮ್ಮನ ಪಾಲಿಗೆ ಬಂತು.

ಗುರುವಾರ ಬೆಳಿಗ್ಗೆ, ಹಿಂದಿನ ಕೋಣೆಯಲ್ಲಿ, ಹದಿನೇಳನೆಯ ಪುಸ್ತಕ ಅವಳ ಕೈಗೆ ಬಂತು. ಗಂಡನ ಕೈಬರಹ. ತಾರೀಖು, ನೀರು ಬಿಟ್ಟ ಹೊತ್ತು, ನಿಲ್ಲಿಸಿದ ಹೊತ್ತು, ಕೊಳವೆಯ ಸ್ಥಿತಿ. ಕೊನೆಯ ಅಂಕಣದಲ್ಲಿ ಪ್ರತಿ ದಿನವೂ ಒಂದೇ ಪದ: ಸರಿ, ಸರಿ, ಸರಿ. ಅವಳು ಬಟ್ಟೆಯಿಂದ ಒಂದೊಂದೇ ಹಾಳೆ ಒರೆಸುತ್ತ ಆ ತಿಂಗಳಿಗೆ ಬಂದಳು. ಅಲ್ಲಿಯೂ ಸರಿ, ಸರಿ. ಆಮೇಲೆ ಕಣ್ಣು ಎಡವಿತು.

ಸರ.

ಕೆಳಗೆ ಮತ್ತೆ, ಸರ. ಅದರ ಕೆಳಗೂ ಸರ. ಅವಳು ಬೆರಳಿಟ್ಟು ಎಣಿಸಿದಳು. ಹನ್ನೊಂದು ದಿನ ಗುಡಿಸು ಇಲ್ಲ. ಹನ್ನೆರಡನೆಯ ದಿನ ‘ಸರಿ’ ಇತ್ತು; ಗುಡಿಸನ್ನು ಎರಡೆರಡು ಸಲ ತಿದ್ದಿ ದಪ್ಪ ಮಾಡಿದ್ದ, ಮಸಿ ಹಿಂದಿನ ಪುಟಕ್ಕೂ ಇಳಿದಿತ್ತು.

ಬೇರೆ ಯಾರ ಕಣ್ಣಿಗಾದರೂ ಅದು ಅವಸರದ ಬರಹ. ಅವಳಿಗೆ ಮಾತ್ರ ಕಲ್ಲುಹಾಸಿನ ಮೇಲಿನ ನೀರಿನ ಅಕ್ಷರ ಕಂಡಿತು, ಅದರ ಹಿಂದೆ ಅವನ ನಗು ಕೇಳಿತು. ಸರಿ ಎಂದು ಬರೆ ಎಂದವರಿಗೆ ಎದುರು ಹೇಳುವ ಧೈರ್ಯ ಅವನಿಗಿರಲಿಲ್ಲ. ಪೂರ್ತಿ ‘ಸರಿ’ ಬರೆಯಲೂ ಕೈ ಬಂದಿರಲಿಲ್ಲ. ಹನ್ನೊಂದು ದಿನ ಅರ್ಧ ಸುಳ್ಳು ಬರೆದು, ಉಳಿದರ್ಧ ನಿಜವನ್ನು ಹೆಂಡತಿಗೆ ಮಾತ್ರ ತಿಳಿಯುವ ಹಾಗೆ ಬಿಟ್ಟುಹೋಗಿದ್ದ.

ಕಿಟಕಿಯ ಮೇಲೆ ಒಂದು ನೀಲಿ ಪೆನ್ನಿತ್ತು. ಅವಳು ಅದನ್ನು ಕೈಗೆ ತೆಗೆದುಕೊಂಡಳು. ಹನ್ನೊಂದು ಸಣ್ಣ ಸುತ್ತು, ಅಷ್ಟೆ. ಹದಿನಾಲ್ಕು ವರ್ಷದಿಂದ ದಿನಾ ಬರೆದ ಸುತ್ತು. ಕೊಟ್ಟುಬಿಟ್ಟರೆ ಪುಸ್ತಕ ಸರಿ, ಸತ್ತವನು ಸರಿ, ಅವಳ ಮತ್ತು ಗೋಡೆಯಾಚೆಯವಳ ನಡುವಿನ ಈ ಇಪ್ಪತ್ತೆಂಟು ವರ್ಷವೂ ಸರಿ. ಪೆನ್ನಿನ ತುದಿ ಮೊದಲನೆಯ ರ ತಲೆಯ ಹತ್ತಿರ ಹೋಯಿತು. ಎಲ್ಲಿಯೂ ಒಲೆ ಇಲ್ಲದ ಆ ಕೋಣೆಯಲ್ಲಿ ಟಕಟಕ ಎಂದಿತು. ಅವಳು ಪೆನ್ನನ್ನು ಇದ್ದಲ್ಲೇ ಇಟ್ಟು, ಪುಸ್ತಕವನ್ನು ಹದಿನಾರು ಮತ್ತು ಹದಿನೆಂಟರ ನಡುವೆ ಸರಿಯಾಗಿ ಜೋಡಿಸಿದಳು.

ಶನಿವಾರ ಬೆಳಿಗ್ಗೆ ಅರವತ್ತು ಎಪ್ಪತ್ತು ಜನ ಬಂದರು. ಮೊದಲ ಗಂಟೆ ಮೇಜಿನ ಸುತ್ತ ಕಾಲಿಡಲು ಜಾಗವಿಲ್ಲ. ಆಮೇಲೆ ಪುಟ ತಿರುವಿದವರ ಮುಖದಲ್ಲಿ ಆಕಳಿಕೆ ಕಾಣಿಸಿತು. “ಎಲ್ಲಾ ಸರಿ ಸರಿ ಅಂತಲೇ ಇದೆಯಲ್ಲಪ್ಪ. ಇಷ್ಟು ಸರಿಯಾಗಿ ನಮ್ಮ ಮನೆ ಗಡಿಯಾರವೂ ಇಲ್ಲ,” ಎಂದು ಯಾರೋ ನಗಿಸಿದರು. ಆ ನಾಲ್ಕು ಮಕ್ಕಳಲ್ಲಿ ಒಬ್ಬನ ತಂದೆ, ಈಗ ಕೋಲು ಹಿಡಿದ ಬಡಗಿ, ಹದಿನೇಳನೆಯ ಪುಸ್ತಕ ತೆಗೆಸಿ ಆ ತಿಂಗಳ ಮೇಲೆ ಬೆರಳಾಡಿಸಿದರು. ಕೊನೆಗೆ, “ಹಾಗಾದರೆ ಅದು ನೀರಿಂದ ಅಲ್ಲ,” ಎಂದು ತಮಗೇ ಹೇಳಿಕೊಂಡು ಮುಚ್ಚಿದರು. ಮೂಲೆಯಲ್ಲಿ ಪೊರಕೆ ಹಿಡಿದಿದ್ದ ಬೋರ್ಡಮ್ಮ ಗೋಡೆಗೆ ಒರಗಿದಳು.

ಮೂರು ಗಂಟೆಗೆ ಮೇಡಂ ಗೆಲುವಾಗಿ ಬಂದರು. “ನೋಡಿ, ಏನೂ ಆಗಲಿಲ್ಲ! ಅಮ್ಮಾ, ನಾಳೆ ಬೆಳಿಗ್ಗೆ ಇದನ್ನೂ ಹಲಗೆ ಮೇಲೆ ಬರೀರಿ.” ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಹಳೆಯ ಪುಸ್ತಕಗಳನ್ನು ಸಾರ್ವಜನಿಕರು ಪರಿಶೀಲಿಸಿದ್ದಾರೆ. ಯಾವ ದೋಷವೂ ಕಂಡುಬಂದಿಲ್ಲ.’

ಹೆಡ್ ಕ್ಲರ್ಕ್ ಹಗುರಾಗಿ ಉಸಿರು ಬಿಟ್ಟು, “ಅಕ್ಷರ ದಪ್ಪಗೆ ಬರಲಿ ಬೋರ್ಡಮ್ಮ,” ಎಂದರು.

ಅವಳು ಚೀಟಿ ಮಡಿಸಿ ಮುಷ್ಟಿಯಲ್ಲಿ ಹಿಡಿದಳು. ಗಂಡನ ಕೈಗೂ ಯಾರೋ ಹೀಗೆಯೇ ಒಂದು ಪದ ಕೊಟ್ಟಿದ್ದರು.

ನಾಲ್ಕು ಗಂಟೆಗೆ, ಕೋಣೆ ಖಾಲಿಯಾದ ಮೇಲೆ, ಕುತ್ತಿಗೆಗೆ ಟೇಪು ಹಾಕಿಕೊಂಡೇ ಟೈಲರ್ ಅಕ್ಕ ಬಂದಳು.

“ಬಾಗಿಲು ಹಾಕಿಬಿಟ್ರೇನೋ ಅಂದ್ಕೊಂಡೆ. ಒಂದು ಮದುವೆ ಬಟ್ಟೆ, ಬಿಡಲಿಲ್ಲ. ಎಲ್ಲಿದೆಯೇ, ನಮ್ಮ ಗುಬ್ಬಿ ಹೋದ ವಾರದ್ದು? ನಿನ್ನ ಗಂಡ ಬರೆದದ್ದಂತಲ್ಲ. ನೀನೇ ಓದು. ಬೇರೆಯವರು ಓದಿದರೆ ನನಗೆ ಸಮಾಧಾನ ಆಗಲ್ಲ.”

“ಅಕ್ಕ, ಅದರಲ್ಲಿ ಏನಿದೆ ಅಂತ...”

“ಏನಿಲ್ಲ ಅಂತಲೇ ಓದು. ಕೇಳಿಸಿಕೊಂಡು ಹೋಗ್ತೀನಿ.”

ಬೋರ್ಡಮ್ಮ ಪುಸ್ತಕ ತೆರೆದಳು. ಟೈಲರ್ ಅಕ್ಕ ಕನ್ನಡಕ ಏರಿಸಿಕೊಂಡು, ಬಟ್ಟೆಯ ಅಂಚು ಹಿಡಿಯುವ ಹಾಗೆ ಹಾಳೆಯ ಅಂಚು ಹಿಡಿದು ಪಕ್ಕದಲ್ಲಿ ಕುಳಿತಳು. ಒಂದೊಂದು ಸಾಲಿಗೂ ಅವಳ ಬೆರಳು ಇಳಿಯುತ್ತಿತ್ತು.

“ಮೂರನೇ ತಾರೀಖು, ಸರಿ. ನಾಲ್ಕನೇ ತಾರೀಖು, ಸರಿ.” ಆಮೇಲೆ ಐದು ಬಂತು. “ಐದನೇ ತಾರೀಖು... ಸರಿ. ಆರನೇ ತಾರೀಖು, ಸರಿ.”

ಬೆರಳು ನಿಂತಿತು.

“ತಡಿ. ಇದು ಸರಿ, ಇದೂ ಸರಿ ಅಂದೆ. ಎರಡೂ ಒಂದೇ ಥರ ಇಲ್ಲವಲ್ಲ? ಮೇಲಿನದಕ್ಕೆ ತಲೆ ಮೇಲೆ ಗುಂಡಿ ಇದೆ. ಇದಕ್ಕೆ ಗುಂಡಿ ಬಿಟ್ಟುಹೋಗಿದೆ.”

ಎಪ್ಪತ್ತು ಜನ ಓದು ಬಲ್ಲವರು ಕಾಣದೆ ಹೋದದ್ದನ್ನು ಅಕ್ಷರ ಬಾರದವಳು ಕಂಡಿದ್ದಳು. ಬೋರ್ಡಮ್ಮನ ಬಾಯಿಗೆ ಮೊದಲು ಬಂದದ್ದು ಮತ್ತೆ ಸುಳ್ಳೇ. “ಕೈ ತಪ್ಪಿರಬೇಕು ಅಕ್ಕ.”

ಟೈಲರ್ ಅಕ್ಕ ಕೆಳಗೆ ಕೆಳಗೆ ಬೆರಳಿಡುತ್ತ ಹೋದಳು, ಹನ್ನೆರಡನೆಯದರ ದಪ್ಪ ಗುಡಿಸಿನ ಮೇಲೆ ನಿಲ್ಲಿಸಿದಳು. “ಒಂದು ಅಂಗಿಗೆ ಗುಂಡಿ ಬಿಟ್ಟುಹೋದರೆ ಕೈ ತಪ್ಪು. ಹನ್ನೊಂದಕ್ಕೂ ಬಿಟ್ಟುಹೋದರೆ ಹೊಲಿದವನು ಬೇಕೂಂತಲೇ ಬಿಟ್ಟಿದ್ದಾನೆ. ಏನದು? ಹೇಳು.”

ಬೋರ್ಡಮ್ಮ ಮುಷ್ಟಿ ಬಿಚ್ಚಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು. ಒಂದೊಂದೇ ಅಕ್ಷರ ಇಳಿಸುವ ಹಾಗೆ, ನಿಧಾನಕ್ಕೆ, ಕ್ರಮವಾಗಿ. ಬಿರುಕು, ಚರಂಡಿ, ಸಾಹೇಬನ ಮಾತು, ಕಿತ್ತುಕೊಂಡ ಲೋಟ. ಪುಸ್ತಕದಲ್ಲಿ ಇದ್ದದ್ದನ್ನು ಹೇಳಿ ಮುಗಿಸಿ, ಇಲ್ಲದ್ದನ್ನೂ ಹೇಳಿದಳು. “ನಾನು ಕುದಿಸಿದೆ ಅಕ್ಕ. ಹನ್ನೊಂದು ದಿನ.”

ಟೈಲರ್ ಅಕ್ಕ ಹಾಳೆಯ ಅಂಚನ್ನು ಬೆರಳಿನಲ್ಲಿ ಮಡಿಸಿ ಬಿಚ್ಚಿದಳು.

“ಕುದಿಸಿದ್ದಕ್ಕೆ ನಾನೇನೂ ಅನ್ನಲ್ಲ. ನನ್ನ ಗಂಡ ಬಂದು ಹೇಳಿದ್ದರೆ ನಾನೂ ಕುದಿಸ್ತಿದ್ದೆ,” ಎಂದಳು. “ನಾನು ಗೋಡೆ ಹತ್ರ ಬಂದು ಕೇಳಿದೆ. ನನ್ನ ಬಾಯಿಂದಲೇ ಕೇಳಿದೆ. ನೀನು ಶೀತ ಅಂದೆ.”

“ಅಂದೆ ಅಕ್ಕ.”

“ನಾನು ಅವಳನ್ನ ನಿಮ್ಮನೆಗೆ ಕಳಿಸದೆ ಹಿಡಿದಿಟ್ಟುಕೊಂಡೆ. ಶೀತ ಅಂಟುತ್ತೆ ಅಂತ.”

ಅವಳು ಎದ್ದು ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. ಬಾಗಿಲ ಹತ್ತಿರ ಹೋಗಿ, ಕುತ್ತಿಗೆಯ ಟೇಪನ್ನು ಎಳೆದು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ತಿರುಗಿ ನೋಡದೆ ಇಳಿದುಹೋದಳು.

ಮರುದಿನ ಬೆಳಿಗ್ಗೆ ಬೋರ್ಡಮ್ಮ ಆರು ಗಂಟೆಗೇ ಹಲಗೆ ಒರೆಸಿದಳು. ಐದು ಸಾಲಿನ ಜಾಗ ಬಿಟ್ಟು, ಬಲಗಡೆ ಮೂಲೆಯಲ್ಲಿ ಬರೆಯತೊಡಗಿದಳು. ಚೀಟಿಯಲ್ಲಿ ಇದ್ದದ್ದನ್ನಲ್ಲ. ನೋಡಿ ಬರೆಯಲು ಚೀಟಿ ಇಲ್ಲದೆ ಅವಳು ಹಲಗೆಯ ಮೇಲೆ ಬರೆದದ್ದು ಅದೇ ಮೊದಲು, ಹಾಗಾಗಿ ಬಹಳ ಹೊತ್ತು ಹಿಡಿಯಿತು.

‘ಇಪ್ಪತ್ತೆಂಟು ವರ್ಷದ ಹಿಂದೆ ಹನ್ನೊಂದು ದಿನ ಕೆಳಬೀದಿಯ ನೀರು ಸರಿ ಇರಲಿಲ್ಲ. ಕಚೇರಿಗೆ ಗೊತ್ತಿತ್ತು. ವಾಲ್ವ್‌ಮನ್‌ಗೆ ಗೊತ್ತಿತ್ತು. ಅವನ ಹೆಂಡತಿಗೆ ಗೊತ್ತಿತ್ತು.’

ಚೀಟಿ ತಂದ ಲ್ಯಾಬಿನವನು ಹಲಗೆ ಓದಿ ಓಡಿದ. ಮೇಡಂ ಕೂದಲು ಬಾಚದೆಯೇ ಬಂದರು, ಹಿಂದೆ ಹೆಡ್ ಕ್ಲರ್ಕ್. ಹದಿನೇಳನೆಯ ಪುಸ್ತಕ ತರಿಸಿ, ಬೋರ್ಡಮ್ಮ ತೋರಿಸಿದ ಕಡೆ ನೋಡಿದರು. ನೋಡಿ ಮುಚ್ಚಿದರು. ಮತ್ತೆ ತೆರೆದು ನೋಡಿದರು.

“ಒರೆಸಿಬಿಡಿ ಮೇಡಂ,” ಎಂದರು ಹೆಡ್ ಕ್ಲರ್ಕ್. “ಗುಡಿಸು ಇಲ್ಲ ಅನ್ನೋದು ಒಂದು ಸಾಕ್ಷಿಯಾ? ಸತ್ತವರ ಮೇಲೆ, ಕಚೇರಿ ಮೇಲೆ...”

“ಸಾಕ್ಷಿ ಗುಡಿಸು ಅಲ್ಲ ಸಾರ್. ನಾನು,” ಎಂದಳು ಬೋರ್ಡಮ್ಮ.

ಮೇಡಂ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. “ಅಮ್ಮಾ, ಇದನ್ನ ಓದಿದವರು ಪಕ್ಕದಲ್ಲಿರೋ ಇವತ್ತಿನ ‘ಸರಿ’ಯನ್ನ ನಂಬ್ತಾರಾ? ಹದಿನಾಲ್ಕು ವರ್ಷದ ನಿಮ್ಮ ಕೆಲಸವೂ ಹೋಗುತ್ತೆ.”

“ನಂಬದೇ ಇದ್ದರೆ ಕುದಿಸಿ ಕುಡೀಲಿ ಮೇಡಂ. ಅದರಿಂದ ಯಾರೂ ಸಾಯಲ್ಲ.”

ಮೇಡಂ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. ಒರೆಸಿ ಎನ್ನಲೂ ಇಲ್ಲ, ಇರಲಿ ಎನ್ನಲೂ ಇಲ್ಲ. ಒಳಗೆ ಹೋಗಿ ಮೇಲಿನವರಿಗೆ ಪತ್ರ ಬರೆಯಲು ಕುಳಿತರು. ಆ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.

ಎಂಟು ಗಂಟೆಗೆ ಗೇಟಿನ ಮುಂದೆ ಗುಂಪು. ಒಬ್ಬ ಉಗಿದು ಹೋದ. ಒಬ್ಬಳು, “ಇಷ್ಟು ವರ್ಷ ನಮಗೆಲ್ಲ ನೀರಿನ ಪಾಠ ಹೇಳ್ತಿದ್ದೋಳು ಇವಳೇನಾ!” ಎಂದಳು. ಬೋರ್ಡಮ್ಮ ಹಲಗೆಯ ಪಕ್ಕದಿಂದ ಕದಲಲಿಲ್ಲ. ಗುಂಪು ತಾನಾಗಿ ದಾರಿ ಬಿಟ್ಟಾಗ ಟೈಲರ್ ಅಕ್ಕ ಬರುತ್ತಿದ್ದಳು. ಕುತ್ತಿಗೆಯಲ್ಲಿ ಟೇಪಿರಲಿಲ್ಲ.

“ಬೀದೀಲಿ ಓದಿ ಹೇಳಿದರು. ಹೆಂಡತಿ ಅಂತ ಎಲ್ಲಿ ಬರೆದಿದ್ದೀಯ?”

ಬೋರ್ಡಮ್ಮ ತೋರಿಸಿದಳು. ಟೈಲರ್ ಅಕ್ಕ ಆ ಪದವನ್ನು ಮುಟ್ಟದೆ, ಬೆರಳನ್ನು ಅದರ ಕೆಳಗೆ ಆಡಿಸಿದಳು.

“ಗುಬ್ಬಿ ಅಂತ ಎಲ್ಲಿದೆ?”

ಇರಲಿಲ್ಲ. ಬೋರ್ಡಮ್ಮ ಸೀಮೆಸುಣ್ಣ ತೆಗೆದುಕೊಂಡಳು. ಗ ಬರೆದು ಕೊಂಬು ಕೊಟ್ಟಳು. ಬ ಬರೆದು ಕೆಳಗೆ ಒತ್ತು ಕೊಟ್ಟಳು. ಕೈ ಅಲ್ಲಿಗೆ ನಿಂತಿತು.

“ಎಲ್ಲಾ ಬಂತಾ?” ಟೈಲರ್ ಅಕ್ಕನ ಕಣ್ಣು ಅಕ್ಷರದ ತಲೆಯ ಮೇಲಿತ್ತು. “ಇದಕ್ಕೂ ಗುಂಡಿ ಇರುತ್ತೆ ಅಲ್ವಾ?”

“ಇರುತ್ತೆ ಅಕ್ಕ.”

“ಹಾಕು.”

ಬೋರ್ಡಮ್ಮ ಗುಡಿಸು ಕೊಟ್ಟಳು.

ಆ ಬಲ ಮೂಲೆಯನ್ನು ಬಿಟ್ಟು ಈಗಲೂ ಅವಳು ದಿನಾ ಹಲಗೆ ಒರೆಸುತ್ತಾಳೆ. ಬಡಗಿ ಬಂದು ತಮ್ಮ ಮಗನ ಹೆಸರು ಹೇಳಿದ ಮೇಲೆ ಗುಬ್ಬಿಯ ಕೆಳಗೆ ಅದೂ ಸೇರಿದೆ. ಇನ್ನಿಬ್ಬರ ಮನೆಯವರು ಊರಿನಲ್ಲಿಲ್ಲ. ಎರಡು ಸಾಲು ಖಾಲಿ ಇದೆ. ಈ ವರ್ಷ ಆ ತಿಂಗಳು ಬಂದು ಹೋಯಿತು, ಮಗಳಿಗೆ ಬಟ್ಟೆ ಬರಲಿಲ್ಲ. ಟೈಲರ್ ಅಕ್ಕ ಗೋಡೆಯ ಹತ್ತಿರ ನಿಲ್ಲುವುದಿಲ್ಲ, ಮಾತಾಡುವುದಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಹಲಗೆಯ ಮುಂದೆ ಬಂದು ನಿಲ್ಲುತ್ತಾಳೆ. ಐದು ಸಾಲಿನ ಕಡೆ ನೋಡದೆ, ಮೂಲೆಯ ಆ ಎರಡಕ್ಷರದ ಮೇಲೆ ಗುಂಡಿ ಇದೆಯೇ ಎಂದು ನೋಡಿ ಹೋಗುತ್ತಾಳೆ.

ಮನೆಯಲ್ಲಿ ಬೋರ್ಡಮ್ಮ ಪಾತ್ರೆಯ ಮುಚ್ಚಳದ ಕೆಳಗಿನ ಬಟ್ಟೆ ತೆಗೆದಿದ್ದಾಳೆ. ಟಕಟಕ ಎನ್ನುತ್ತದೆ. ಅವಳು ಕಿಟಕಿ ತೆರೆದಿಟ್ಟು, ಅದು ಗೋಡೆಯಾಚೆ ಕೇಳಿಸಲಿ ಎಂದು ಕುಳಿತಿರುತ್ತಾಳೆ.